ಸಂತಾನಾಪೇಕ್ಷಿ ದಂಪತಿಗಳೂ ದೇಹಶ್ರಮವೂ

ಕುಟುಂಬ ಕಲ್ಯಾಣವೆಂದರೆ ಮಕ್ಕಳ ಸಂಖ್ಯೆಯನ್ನು ಮಿತಗೊಳಿಸುವುದೆಂದೇ ಅನೇಕರು ಭಾವಿಸಿರುತ್ತಾರೆ. ಬೇಕೆಂದಾಗ ಮಗುವನ್ನು ಪಡೆಯಲು ದಂಪತಿಗಳಿಗೆ ನೆರವಾಗುವುದೂ ಕುಟುಂಬ ಕಲ್ಯಾಣದ ಅಂಗವೇ ಆಗಿದೆ. ವಿಶ್ವ ಆರೋಗ್ಯ ಸಂಸ್ಥೆಯು 2023ರಲ್ಲಿ ಪ್ರಕಟಿಸಿದ ವರದಿಯಂತೆ, ಪ್ರಪಂಚದ ವಯಸ್ಕರಲ್ಲಿ ಸುಮಾರು ಆರು ಮಂದಿಗೆ ಒಬ್ಬರು ಜೀವಿತದಲ್ಲಿ ಒಮ್ಮೆಯಾದರೂ ಬಂಜೆತನದ ತೊಂದರೆಯನ್ನು ಅನುಭವಿಸುತ್ತಾರೆ. ಇದಕ್ಕೆ ಕಾರಣಗಳು ಹಲವು. ಅವುಗಳಲ್ಲಿ ದಂಪತಿಗಳು ತಾವಾಗಿಯೇ ತಿದ್ದಿಕೊಳ್ಳಬಹುದಾದವು ಕೆಲವು ಮಾತ್ರ. ದೇಹಶ್ರಮದ ಅಭ್ಯಾಸವು ಅಂಥವುಗಳಲ್ಲಿ ಒಂದು.

ಬಜಪೆಯಂತಹ ಊರಿನಲ್ಲಿ ಈ ವಿಷಯಕ್ಕೆ ವಿಶೇಷ ಮಹತ್ವವಿದೆ. ಇಲ್ಲಿಯ ವಿಮಾನ ನಿಲ್ದಾಣವು 1951ರಲ್ಲಿ ಆರಂಭವಾಯಿತು. 2006ರಲ್ಲಿ ಕೊಲ್ಲಿ ನಾಡಿಗೆ ನೇರ ವಿಮಾನ ಸಂಚಾರವೂ ಮೊದಲಾಯಿತು. ಸುತ್ತಲಿನ ಗ್ರಾಮಗಳ ಎಷ್ಟೋ ಮನೆಗಳಲ್ಲಿ ಗಂಡನು ದುಬೈ, ಮಸ್ಕತ್, ದಮಾಮ್‌ಗಳಲ್ಲಿ ದುಡಿಯುತ್ತಾನೆ. ವರ್ಷಕ್ಕೊಮ್ಮೆ ಅಥವಾ ಎರಡು ವರ್ಷಕ್ಕೊಮ್ಮೆ ಒಂದೆರಡು ತಿಂಗಳ ರಜೆಯಲ್ಲಿ ಊರಿಗೆ ಬರುತ್ತಾನೆ. ಮಗುವಿನ ಆಸೆಯೆಲ್ಲವೂ ಆ ಕೆಲವೇ ವಾರಗಳನ್ನು ಅವಲಂಬಿಸಿರುತ್ತದೆ. ಆದಕಾರಣ ರಜೆ ಸಮೀಪಿಸುತ್ತಿದ್ದಂತೆ ಕೆಲವರು ಅವಸರದಿಂದ ಮೈ ಇಳಿಸಲು ತೊಡಗುತ್ತಾರೆ. ಒಪ್ಪೊತ್ತಿನ ಊಟ ಮಾಡಿ, ಗಂಟೆಗಟ್ಟಲೆ ಓಡುತ್ತಾರೆ ಅಥವಾ ಹಗ್ಗ ಜಿಗಿಯುತ್ತಾರೆ. ಇನ್ನು ಕೆಲವು ಮನೆಗಳಲ್ಲಿ, ಗರ್ಭ ನಿಲ್ಲದೆಂಬ ಭಯದಿಂದ, ಸೊಸೆಯು ಮೆಟ್ಟಿಲನ್ನೂ ಇಳಿಯಬಾರದೆಂದು ಹಿರಿಯರು ವಿಧಿಸುತ್ತಾರೆ. ಈ ಎರಡೂ ಪದ್ಧತಿಗಳು ಸರಿಯಲ್ಲ. ಏಕೆಂಬುದನ್ನು ತಿಳಿಯಲು ಗರ್ಭಧಾರಣೆಯ ವ್ಯವಸ್ಥೆಯನ್ನು ಸ್ವಲ್ಪ ಅರಿಯುವುದು ಅವಶ್ಯ.

ಶರೀರದ ಜಮಾ-ಖರ್ಚು

ಸ್ತ್ರೀಯ ಮಿದುಳಿನ ತಳಭಾಗದಲ್ಲಿ ಹೈಪೋಥಲಮಸ್ ಎಂಬ ಸಣ್ಣ ಕೇಂದ್ರವಿದೆ. ಅದು ಒಂದೆರಡು ಗಂಟೆಗೊಮ್ಮೆ ಪಿಟ್ಯುಟರಿ ಗ್ರಂಥಿಗೆ ರಾಸಾಯನಿಕ ಸಂಕೇತವನ್ನು ಕಳುಹಿಸುತ್ತದೆ. ಪಿಟ್ಯುಟರಿ ಗ್ರಂಥಿಯು ಹಾರ್ಮೋನುಗಳ ಮೂಲಕ ಅಂಡಾಶಯವನ್ನು ಪ್ರೇರೇಪಿಸುತ್ತದೆ. ಅಂಡಾಣು ಪಕ್ವವಾಗಿ ಹೊರಬೀಳುತ್ತದೆ. ಈ ಸಂಕೇತವು ಕ್ರಮ ತಪ್ಪಿದರೆ ಅಂಡಾಣು ಬಿಡುಗಡೆಯಾಗುವುದಿಲ್ಲ. ಮುಟ್ಟು ತಡವಾಗುತ್ತದೆ, ಕೆಲವೊಮ್ಮೆ ನಿಂತೇ ಹೋಗುತ್ತದೆ.

ಹೈಪೋಥಲಮಸ್ ಶರೀರದ ಶಕ್ತಿಯ ಜಮಾ-ಖರ್ಚನ್ನು ಸದಾ ಗಮನಿಸುತ್ತಿರುತ್ತದೆ. ತಿಂದ ಅನ್ನದಿಂದ ಬಂದ ಶಕ್ತಿಯಲ್ಲಿ ವ್ಯಾಯಾಮಕ್ಕೆ ವ್ಯಯವಾದ ಪಾಲನ್ನು ಕಳೆದು ಉಳಿಯುವುದರಲ್ಲೇ ಹೃದಯ, ಮಿದುಳು, ಮೂತ್ರಪಿಂಡ ಮೊದಲಾದವು ನಡೆಯಬೇಕು. ಉಳಿಕೆ ತೀರಾ ಕಡಿಮೆಯಾದರೆ ಶರೀರವು ಜೀವಧಾರಣೆಗೆ ತಕ್ಷಣ ಬೇಕಿಲ್ಲದ ಕೆಲಸವನ್ನು, ಅಂದರೆ ಸಂತಾನೋತ್ಪತ್ತಿಯನ್ನು, ತಡೆಹಿಡಿಯುತ್ತದೆ. ಬರಗಾಲದಲ್ಲಿ ರೈತನು ಬೀಜ ಬಿತ್ತದೆ ಕಾಯುವಂತೆ ಇದು.

ಇಲ್ಲಿ ದೋಷವು ವ್ಯಾಯಾಮದ್ದೋ, ಆಹಾರದ ಕೊರತೆಯದ್ದೋ ಎಂಬ ಪ್ರಶ್ನೆಯನ್ನು ಅಮೆರಿಕದ ವಿಜ್ಞಾನಿ ಆನ್ ಲೌಕ್ಸ್ ಮತ್ತು ಅವರ ಸಹೋದ್ಯೋಗಿಗಳು ಪರೀಕ್ಷಿಸಿದರು. ಖರ್ಚಾದ ಶಕ್ತಿಗೆ ತಕ್ಕಷ್ಟು ಆಹಾರ ದೊರೆತಾಗ ಕಠಿಣ ವ್ಯಾಯಾಮದಿಂದಲೂ ಹಾರ್ಮೋನಿನ ಸಂಕೇತ ಹೆಚ್ಚಾಗಿ ಕೆಡಲಿಲ್ಲ. ಆಹಾರ ಸಾಲದೆ ಹೋದಾಗ ಕೆಟ್ಟಿತು ಎಂದು 1998ರಲ್ಲಿ ಅವರು ತೋರಿಸಿದರು. 2003ರ ಮತ್ತೊಂದು ಪ್ರಯೋಗದಲ್ಲಿ, ಕೊಬ್ಬನ್ನು ಬಿಟ್ಟು ಉಳಿದ ದೇಹತೂಕದ ಪ್ರತಿ ಕಿಲೋಗ್ರಾಂಗೆ ದಿನಕ್ಕೆ 30 ಕ್ಯಾಲೊರಿಗಿಂತ ಕಡಿಮೆ ಶಕ್ತಿ ಉಳಿದಾಗ, ಕೇವಲ ಐದು ದಿನಗಳಲ್ಲಿಯೇ ಸಂಕೇತದ ಲಯ ತಪ್ಪಿತು.

ಇದನ್ನು ಒಂದು ಲೆಕ್ಕದಿಂದ ತಿಳಿಯಬಹುದು. 50 ಕಿಲೋಗ್ರಾಂ ತೂಕದ ಸ್ತ್ರೀಯಲ್ಲಿ ಕೊಬ್ಬನ್ನು ಕಳೆದು ಸುಮಾರು 38 ಕಿಲೋಗ್ರಾಂ ಉಳಿಯಿತೆನ್ನೋಣ. ಆಕೆಗೆ ವ್ಯಾಯಾಮದ ಖರ್ಚು ಕಳೆದ ಮೇಲೂ ಕನಿಷ್ಠ 1,140 ಕ್ಯಾಲೊರಿ ಉಳಿಯಬೇಕು. ಮೈ ಇಳಿಸುವ ಹಂಬಲದಿಂದ ಆಕೆಯು ದಿನಕ್ಕೆ 1,400 ಕ್ಯಾಲೊರಿಯಷ್ಟೇ ತಿಂದು, 350 ಕ್ಯಾಲೊರಿಯನ್ನು ಓಟದಲ್ಲಿ ವ್ಯಯಿಸಿದರೆ ಉಳಿಯುವುದು 1,050. ಅದೇ ಓಟವನ್ನು ಓಡಿ 2,000 ಕ್ಯಾಲೊರಿ ತಿಂದರೆ 1,650 ಉಳಿಯುತ್ತದೆ. ಇದು ಎಲ್ಲರಿಗೂ ಒಂದೇ ರೀತಿ ಅನ್ವಯಿಸುವ ಗೆರೆಯಲ್ಲವಾದರೂ, ಓಟ ಒಂದೇ ಆಗಿರುವಾಗ ಪರಿಣಾಮ ಬೇರೆಯಾಗುವ ಬಗೆಯನ್ನು ಇದು ತಿಳಿಸುತ್ತದೆ.

ಎಷ್ಟು ವ್ಯಾಯಾಮ ಹಿತ?

ನಾರ್ವೆ ದೇಶದಲ್ಲಿ ಸಾವಿರಾರು ಸ್ತ್ರೀಯರನ್ನು ಹಲವು ವರ್ಷ ಗಮನಿಸಿ 2009ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಬಹುತೇಕ ಪ್ರತಿದಿನವೂ ವ್ಯಾಯಾಮ ಮಾಡುತ್ತಿದ್ದವರಲ್ಲಿಯೂ, ಸುಸ್ತಾಗಿ ಕುಸಿಯುವಷ್ಟು ಶ್ರಮಿಸುತ್ತಿದ್ದವರಲ್ಲಿಯೂ ಗರ್ಭಧಾರಣೆಯ ತೊಂದರೆ ಹೆಚ್ಚಾಗಿ ಕಂಡುಬಂದಿತು. ಡೆನ್ಮಾರ್ಕಿನಲ್ಲಿ ಗರ್ಭಧಾರಣೆಯನ್ನು ಬಯಸುತ್ತಿದ್ದ ಮೂರೂವರೆ ಸಾವಿರಕ್ಕೂ ಮಿಕ್ಕಿದ ಸ್ತ್ರೀಯರ ಅಧ್ಯಯನವು 2012ರಲ್ಲಿ ಹೊರಬಂದಿತು. ಅದರಲ್ಲಿ ಬಿರುಸಾದ ವ್ಯಾಯಾಮ ಹೆಚ್ಚಿದಷ್ಟೂ ಗರ್ಭಧಾರಣೆ ತಡವಾದದ್ದು ತೆಳ್ಳಗಿನವರಲ್ಲಿ ಮಾತ್ರ. ಹೆಚ್ಚು ತೂಕದವರಲ್ಲಿ ಹಾಗಾಗಲಿಲ್ಲ. ನಡಿಗೆಯಂತಹ ಮಿತವಾದ ಶ್ರಮವಾದರೋ ಎಲ್ಲ ತೂಕದವರಿಗೂ ಅನುಕೂಲವಾಗಿಯೇ ಕಂಡಿತು. ಇಂತಹ ಅಧ್ಯಯನಗಳು ಸಂಬಂಧವನ್ನು ತೋರಿಸುತ್ತವೆಯೇ ಹೊರತು ಪ್ರತಿಯೊಬ್ಬರ ಭವಿಷ್ಯವನ್ನು ಹೇಳುವುದಿಲ್ಲ. ಆದರೂ ಇವುಗಳಿಂದ ದೊರೆಯುವ ಸಲಹೆ ಸ್ಪಷ್ಟವಾಗಿದೆ: ವ್ಯಾಯಾಮದ ಪ್ರಮಾಣವನ್ನು ನಿಮ್ಮ ತೂಕವನ್ನು ನೋಡಿ ನಿರ್ಧರಿಸಬೇಕು.

ಕಿಲೋಗ್ರಾಂಗಳಲ್ಲಿರುವ ತೂಕವನ್ನು ಮೀಟರುಗಳಲ್ಲಿರುವ ಎತ್ತರದ ವರ್ಗದಿಂದ ಭಾಗಿಸಿದರೆ ದೇಹತೂಕದ ಸೂಚ್ಯಂಕ ದೊರೆಯುತ್ತದೆ. ಅದು 18.5ಕ್ಕಿಂತ ಕಡಿಮೆಯಿದ್ದರೆ ನೀವು ಬಿರುಸಿನ ಓಟವನ್ನು ಬಿಟ್ಟು ಊಟವನ್ನು ಹೆಚ್ಚಿಸಬೇಕು. ಭಾರತೀಯರಲ್ಲಿ 23ನ್ನು ಮೀರಿದರೆ ಅಧಿಕ ತೂಕವೆಂದೂ, 25ನ್ನು ಮೀರಿದರೆ ಬೊಜ್ಜೆಂದೂ ಪರಿಗಣಿಸಲಾಗುತ್ತದೆ. ಅಂಥವರಿಗೆ ನಿಯಮಿತ ವ್ಯಾಯಾಮವು ಔಷಧಿಗೆ ಸಮಾನ. ಅಂಡಾಶಯದಲ್ಲಿ ನೀರುಗುಳ್ಳೆಗಳ ದೋಷವೆಂದು ಜನರು ಕರೆಯುವ ಪಿ.ಸಿ.ಓ.ಎಸ್. ಕಾಯಿಲೆಯಲ್ಲಿ ರಕ್ತದ ಇನ್ಸುಲಿನ್ ಅಧಿಕವಾಗಿ, ಅಂಡಾಶಯವು ಪುರುಷ ಹಾರ್ಮೋನುಗಳನ್ನು ಹೆಚ್ಚಾಗಿ ಸ್ರವಿಸುತ್ತದೆ. ದುಡಿಯುವ ಸ್ನಾಯುಗಳು ಸಕ್ಕರೆಯನ್ನು ಹೀರಿಕೊಳ್ಳುವುದರಿಂದ ಇನ್ಸುಲಿನ್ ತಗ್ಗುತ್ತದೆ. ಇಂತಹ ಸ್ಥೂಲಕಾಯದ ಸ್ತ್ರೀಯರಲ್ಲಿ ತೂಕವು ಶೇಕಡಾ 5ರಿಂದ 10ರಷ್ಟು ಇಳಿದರೂ, ಅಂದರೆ 70 ಕಿಲೋಗ್ರಾಂ ತೂಕದವರು 3.5ರಿಂದ 7 ಕಿಲೋಗ್ರಾಂ ಇಳಿಸಿದರೂ, ಅನೇಕರಿಗೆ ಮುಟ್ಟು ಕ್ರಮಕ್ಕೆ ಬರುತ್ತದೆ.

ಮನೆಯಲ್ಲಿ ಕುಳಿತು ಬೀಡಿ ಕಟ್ಟುವ ಸೋದರಿಯರು ದಿನವಿಡೀ ದುಡಿದರೂ ಅವರ ಶರೀರಕ್ಕೆ ವ್ಯಾಯಾಮ ದೊರೆಯುವುದಿಲ್ಲ. ಅವರು ಅರ್ಧ ಗಂಟೆಗೊಮ್ಮೆ ಎದ್ದು ಓಡಾಡಬೇಕು. ಬೆಳಿಗ್ಗೆಯೋ ಸಂಜೆಯೋ ಪ್ರತ್ಯೇಕವಾಗಿ ನಡೆಯಬೇಕು. ಇದಕ್ಕೆ ವ್ಯತಿರಿಕ್ತವಾಗಿ, ತೋಟದಲ್ಲಿ ಹುಲ್ಲು ಹೊರುವ, ಸೊಪ್ಪು ತರುವ, ಗುಡ್ಡ ಹತ್ತಿಳಿಯುವ ಸ್ತ್ರೀಯರಿಗೆ ಬೇರೆ ವ್ಯಾಯಾಮ ಬೇಕಿಲ್ಲ. ಅವರಿಗೆ ಬೇಕಾದದ್ದು ಹೊಟ್ಟೆತುಂಬ ಊಟ ಮತ್ತು ವಿಶ್ರಾಂತಿ.

ಪುರುಷರು ಗಮನಿಸಬೇಕಾದುದು

ಮಗುವಾಗದಿದ್ದರೆ ಸ್ತ್ರೀಯನ್ನೇ ದೂರುವುದು ನಮ್ಮ ಸಮಾಜದ ದೊಡ್ಡ ಅನ್ಯಾಯ. ಸುಮಾರು ಅರ್ಧದಷ್ಟು ದಂಪತಿಗಳಲ್ಲಿ ಪುರುಷನ ಕಡೆಯ ಕಾರಣವು ಒಂದಾಗಿ ಅಥವಾ ಜೊತೆಗೂಡಿ ಇರುತ್ತದೆ. ವೃಷಣಗಳು ಶರೀರದ ಶಾಖಕ್ಕಿಂತ 2ರಿಂದ 4 ಡಿಗ್ರಿ ಸೆಲ್ಸಿಯಸ್ ತಂಪಾಗಿದ್ದರೆ ಮಾತ್ರ ವೀರ್ಯಾಣುಗಳು ಚೆನ್ನಾಗಿ ಬೆಳೆಯುತ್ತವೆ. ದೀರ್ಘಕಾಲ ವಾಹನ ಚಾಲನೆ, ಕುಲುಮೆ ಅಥವಾ ಒಲೆಯ ಬಳಿಯ ಕೆಲಸ, ಬಿಗಿಯಾದ ಒಳಉಡುಪು ಇವು ಆ ತಂಪನ್ನು ಕೆಡಿಸುತ್ತವೆ. ಅಂಥ ವೃತ್ತಿಯಲ್ಲಿರುವವರು ಆಗಾಗ ಎದ್ದು ನಡೆಯಬೇಕು. ಸಡಿಲವಾದ ಹತ್ತಿಯ ಉಡುಪನ್ನು ಧರಿಸಬೇಕು.

ಮಿತವಾದ ವ್ಯಾಯಾಮ ಪುರುಷರಿಗೂ ಹಿತಕರ. ಆದರೆ ಅಮೆರಿಕದಲ್ಲಿ ಬಂಜೆತನದ ಚಿಕಿತ್ಸೆಗೆ ಬಂದ ಎರಡು ಸಾವಿರಕ್ಕೂ ಹೆಚ್ಚು ಪುರುಷರ ಅಧ್ಯಯನದಲ್ಲಿ, ವಾರಕ್ಕೆ 5 ಗಂಟೆ ಅಥವಾ ಅದಕ್ಕಿಂತ ಹೆಚ್ಚು ಸೈಕಲ್ ಸವಾರಿ ಮಾಡುವವರಲ್ಲಿ ವೀರ್ಯಾಣುಗಳ ಸಂಖ್ಯೆ ಮತ್ತು ಚಲನೆ ಕಡಿಮೆಯಿರುವುದು ಹೆಚ್ಚಾಗಿ ಕಂಡಿತು. ಇದಕ್ಕಿಂತ ಗಂಭೀರವಾದುದು ವ್ಯಾಯಾಮಶಾಲೆಗಳಲ್ಲಿ ಮಾಂಸಖಂಡ ಬೆಳೆಸಲೆಂದು ಕೆಲವರು ತೆಗೆದುಕೊಳ್ಳುವ ಟೆಸ್ಟೋಸ್ಟೆರಾನ್ ಮತ್ತು ಸ್ಟಿರಾಯ್ಡ್ ಚುಚ್ಚುಮದ್ದು. ಹೊರಗಿನಿಂದ ಹಾರ್ಮೋನು ಬಂದಾಗ ಮಿದುಳು ವೃಷಣಗಳಿಗೆ ಸಂಕೇತ ಕಳುಹಿಸುವುದನ್ನೇ ನಿಲ್ಲಿಸುತ್ತದೆ. ಹೊರಗೆ ಮೈ ಕಟ್ಟುಮಸ್ತಾಗಿ ಕಂಡರೂ ವೀರ್ಯದಲ್ಲಿ ಒಂದು ವೀರ್ಯಾಣುವೂ ಇಲ್ಲದಿರಬಹುದು. ಚುಚ್ಚುಮದ್ದನ್ನು ಬಿಟ್ಟ ಮೇಲೂ ಚೇತರಿಸಲು ಹಲವು ತಿಂಗಳು, ಕೆಲವರಿಗೆ ವರ್ಷಕ್ಕೂ ಹೆಚ್ಚು ಬೇಕಾಗುತ್ತದೆ. ಇದನ್ನು ಎಂದಿಗೂ ತೆಗೆದುಕೊಳ್ಳಬೇಡಿ. ತೆಗೆದುಕೊಂಡಿದ್ದರೆ ವೈದ್ಯರಿಂದ ಮರೆಮಾಚಬೇಡಿ.

ರಜೆಗೆ ಮೂರು ತಿಂಗಳು ಮೊದಲೇ

ವೀರ್ಯಾಣುವೊಂದು ಹುಟ್ಟಿ ಬೆಳೆಯಲು ಸುಮಾರು 74 ದಿನಗಳು ಬೇಕು. ಅದು ಪಕ್ವವಾಗಿ ಹೊರಬರಲು ಇನ್ನಷ್ಟು ದಿನಗಳು. ಅಂಡಾಣುವನ್ನು ಪೋಷಿಸುವ ಕೋಶವೂ ತನ್ನ ಕೊನೆಯ ಹಂತದ ಬೆಳವಣಿಗೆಗೆ ಸುಮಾರು ಮೂರು ತಿಂಗಳು ತೆಗೆದುಕೊಳ್ಳುತ್ತದೆ. ಗಂಡನು ಡಿಸೆಂಬರಿನಲ್ಲಿ ಬಜಪೆಯಲ್ಲಿ ಇಳಿಯುವನೆಂದರೆ, ಆಗ ಫಲ ಕೊಡಬೇಕಾದ ವೀರ್ಯಾಣುಗಳು ಸೆಪ್ಟೆಂಬರಿನಲ್ಲಿ, ಅವನು ಇನ್ನೂ ಪರದೇಶದಲ್ಲಿರುವಾಗಲೇ ರೂಪುಗೊಳ್ಳತೊಡಗಿರುತ್ತವೆ. ಆದಕಾರಣ ಸಿದ್ಧತೆಯನ್ನು ಇಬ್ಬರೂ ತಾವಿರುವಲ್ಲಿಯೇ, ಒಂದೇ ಕಾಲಕ್ಕೆ, ಮೂರು ತಿಂಗಳು ಮೊದಲೇ ಆರಂಭಿಸತಕ್ಕದ್ದು. ಧೂಮಪಾನ, ಮದ್ಯಪಾನಗಳನ್ನು ಬಿಡುವುದಕ್ಕೂ ಇದೇ ತಕ್ಕ ಸಮಯ.

ಮೊದಲ ಎರಡು ವಾರ ದಿನಕ್ಕೆ 15ರಿಂದ 20 ನಿಮಿಷ ನಡೆಯಿರಿ. ಅನಂತರ ಕ್ರಮೇಣ 30 ನಿಮಿಷಕ್ಕೆ ಏರಿಸಿ, ವಾರಕ್ಕೆ ಐದು ದಿನ ಪಾಲಿಸಿರಿ. ಹೀಗೆ ವಯಸ್ಕರಿಗೆ ವಿಶ್ವ ಆರೋಗ್ಯ ಸಂಸ್ಥೆ ಸೂಚಿಸಿರುವ ಕನಿಷ್ಠ 150 ನಿಮಿಷಗಳು ಪೂರ್ಣವಾಗುತ್ತವೆ. ನಡೆಯುವಾಗ ಮಾತನಾಡಲು ಸಾಧ್ಯವಾಗಬೇಕು, ಆದರೆ ಹಾಡಲು ಉಸಿರು ಸಾಲಬಾರದು. ಇದೇ ಸರಿಯಾದ ವೇಗ. ಬಜಪೆಯ ದಿಣ್ಣೆಯಿಂದ ಫಲ್ಗುಣಿ ನದಿಯ ಕಡೆಗೆ ಇಳಿಯುವ ಏರುತಗ್ಗಿನ ದಾರಿಗಳನ್ನು ಹೊಸಬರು ಮೊದಲಿಗೆ ಬಿಟ್ಟು ಸಮತಟ್ಟಾದ ರಸ್ತೆಯನ್ನೇ ಆರಿಸಿಕೊಳ್ಳುವುದು ಲೇಸು. ಮಳೆಗಾಲದಲ್ಲಿ ಜಗಲಿಯ ಮೇಲೆ ಸೂರ್ಯನಮಸ್ಕಾರ, ಯೋಗಾಸನ ಅಥವಾ ಮೆಟ್ಟಿಲು ಹತ್ತಿಳಿಯುವುದು ಸಾಕು.

ವ್ಯಾಯಾಮ ಮಾಡಿದ ದಿನ ಊಟವನ್ನು ಬಿಡಬೇಡಿ. ಕುಚ್ಚಲಕ್ಕಿ ಗಂಜಿಯ ಜೊತೆಗೆ ಹೆಸರುಕಾಳು ಅಥವಾ ಹುರುಳಿ, ಹರಿವೆ ಅಥವಾ ನುಗ್ಗೆಸೊಪ್ಪು, ಒಗ್ಗುವವರು ಬಂಗುಡೆ, ಬೂತಾಯಿ ಮೀನು ಅಥವಾ ಮೊಟ್ಟೆ ಸೇವಿಸಬಹುದು. ಉಪವಾಸದ ದಿನ ಕಠಿಣ ಶ್ರಮವನ್ನು ಮಾಡಬೇಡಿ. ಭಾರತದ 15ರಿಂದ 49 ವಯಸ್ಸಿನ ಸ್ತ್ರೀಯರಲ್ಲಿ ಶೇಕಡಾ 57 ಮಂದಿಗೆ ರಕ್ತಹೀನತೆಯಿದೆಯೆಂದು 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ತಿಳಿಸಿದೆ. ಆದುದರಿಂದ ರಕ್ತಪರೀಕ್ಷೆ ಮಾಡಿಸಿ. ಗರ್ಭಧಾರಣೆಗೆ ಕನಿಷ್ಠ ಒಂದು ತಿಂಗಳು ಮೊದಲಿನಿಂದಲೇ ದಿನಕ್ಕೆ 400 ಮೈಕ್ರೋಗ್ರಾಂ ಫೋಲಿಕ್ ಆಮ್ಲವನ್ನು ವೈದ್ಯರ ಸಲಹೆಯಂತೆ ಸೇವಿಸಿ.

ರಜೆಯ ದಿನಗಳಲ್ಲಿ ಅದೇ ನಡಿಗೆಯನ್ನು ಇಬ್ಬರೂ ಮುಂದುವರಿಸಬಹುದು. ನಡೆಯುವುದರಿಂದಾಗಲಿ, ಮೆಟ್ಟಿಲು ಇಳಿಯುವುದರಿಂದಾಗಲಿ, ಮನೆಗೆಲಸದಿಂದಾಗಲಿ ಗರ್ಭ ಜಾರುವುದಿಲ್ಲ. ಅಂಡಾಣು ಬಿಡುಗಡೆಯ ದಿನ ಮತ್ತು ಅದರ ಹಿಂದಿನ ಐದು ದಿನಗಳೇ ಫಲವತ್ತಾದ ದಿನಗಳು. ಎರಡು ಮೂರು ದಿನಗಳಿಗೊಮ್ಮೆ ಸಮಾಗಮವಿದ್ದರೆ ಅವು ತಪ್ಪಿಹೋಗುವುದಿಲ್ಲ.

ವೈದ್ಯರನ್ನು ಯಾವಾಗ ಕಾಣಬೇಕು?

ಮುಟ್ಟು ನಿಮ್ಮ ಶರೀರದ ಅಳತೆಗೋಲು. ವ್ಯಾಯಾಮ ಆರಂಭಿಸಿದ ಮೇಲೆ ಋತುಚಕ್ರವು 35 ದಿನಗಳನ್ನು ಮೀರತೊಡಗಿದರೆ ಅಥವಾ ಮೂರು ತಿಂಗಳು ಮುಟ್ಟು ಬಾರದಿದ್ದರೆ, ಮೊದಲು ಗರ್ಭಪರೀಕ್ಷೆ ಮಾಡಿಸಿ. ಗರ್ಭವಿಲ್ಲವಾದರೆ ಶ್ರಮವನ್ನು ತಗ್ಗಿಸಿ, ಆಹಾರವನ್ನು ಹೆಚ್ಚಿಸಿ, ವೈದ್ಯರನ್ನು ಕಾಣಿರಿ. ವ್ಯಾಯಾಮವು ಎಲ್ಲವನ್ನೂ ಗುಣಪಡಿಸದು. ಮುಚ್ಚಿದ ಗರ್ಭನಾಳ, ಗರ್ಭಕೋಶದ ಕ್ಷಯ, ಥೈರಾಯ್ಡ್ ದೋಷ, ವೀರ್ಯಾಣುಗಳ ಅಭಾವ ಇವುಗಳಿಗೆ ತಕ್ಕ ಚಿಕಿತ್ಸೆಯೇ ಬೇಕು. ನಡಿಗೆಯನ್ನೇ ನಂಬಿ ವರ್ಷಗಳನ್ನು ಕಳೆಯಬಾರದು.

ಹನ್ನೆರಡು ತಿಂಗಳು ಕೂಡಿ ಬಾಳಿಯೂ ಗರ್ಭ ನಿಲ್ಲದಿದ್ದರೆ ಮಾತ್ರ ಅದನ್ನು ಬಂಜೆತನವೆಂದು ಪರಿಗಣಿಸುತ್ತಾರೆ. ವರ್ಷಕ್ಕೆ ಎರಡು ತಿಂಗಳು ಮಾತ್ರ ಜೊತೆಗಿರುವ ದಂಪತಿಗಳು ಮದುವೆಯಾಗಿ ಮೂರು ವರ್ಷ ಕಳೆದರೂ ಕೂಡಿ ಬಾಳಿದ್ದು ಆರು ತಿಂಗಳಷ್ಟೇ. ಅಂಥ ಮನೆಯ ಸೊಸೆಯನ್ನು ಬಂಜೆಯೆಂದು ಕರೆಯುವುದಕ್ಕೆ ವೈದ್ಯಶಾಸ್ತ್ರದ ಆಧಾರವಿಲ್ಲ. ಮನೆಯ ಹಿರಿಯರು ಈ ಲೆಕ್ಕವನ್ನು ದಯವಿಟ್ಟು ಗಮನಿಸಬೇಕು. ಹಾಗೆಂದು ದಂಪತಿಗಳು ಸುಮ್ಮನೆ ಕಾಯಬೇಕೆಂದಲ್ಲ. ಅವಕಾಶಗಳೇ ವಿರಳವಾಗಿರುವುದರಿಂದ, ಸಂದೇಹವಿದ್ದರೆ ರಜೆಯ ಮೊದಲ ವಾರದಲ್ಲಿಯೇ ಇಬ್ಬರೂ ತಪಾಸಣೆಗೆ ಬರುವುದು ಉತ್ತಮ. ಸ್ತ್ರೀಯ ವಯಸ್ಸು 35ನ್ನು ಮೀರಿದ್ದರೆ ಆರು ತಿಂಗಳ ಪ್ರಯತ್ನದ ನಂತರ ತಡಮಾಡಬಾರದು.

ನಿಮ್ಮ ಆಶಾ ಕಾರ್ಯಕರ್ತೆಯನ್ನು ಅಥವಾ ಹತ್ತಿರದ ಸರ್ಕಾರಿ ಆರೋಗ್ಯ ಕೇಂದ್ರವನ್ನು ಸಂಕೋಚವಿಲ್ಲದೆ ಸಂಪರ್ಕಿಸಿ. ಹೆಚ್ಚಿನ ತಪಾಸಣೆ ಅಗತ್ಯವಾದರೆ ಅಲ್ಲಿಂದ ಮಂಗಳೂರಿನ ಲೇಡಿ ಗೋಷನ್ ಅಥವಾ ವೆನ್ಲಾಕ್ ಆಸ್ಪತ್ರೆಗೆ ಪತ್ರ ಪಡೆಯಬಹುದು. ಬರುವಾಗ ಹಿಂದಿನ ಆರು ತಿಂಗಳ ಮುಟ್ಟಿನ ದಿನಾಂಕಗಳನ್ನು ಬರೆದು ತನ್ನಿ. ಪತಿ-ಪತ್ನಿ ಇಬ್ಬರೂ ಬನ್ನಿ.