ಮಳೆಗಾಲದ ಜೇನುಪೆಟ್ಟಿಗೆಗೆ ಸಕ್ಕರೆ ಎಷ್ಟು, ಮದ್ದು ಎಷ್ಟು?

ಥಾಣೆಯ ಯೇವೂರು ಬೆಟ್ಟದಿಂದ ನವಿ ಮುಂಬಯಿಯ ಖಾರಿಯವರೆಗೆ ಬೇಸಿಗೆಯಲ್ಲಿ ಜೇನಿಗೆ ಮೇವಿನ ಬರವಿಲ್ಲ. ನೇರಳೆ, ನುಗ್ಗೆ, ತೆಂಗು ಹೂ ಬಿಟ್ಟಿರುತ್ತವೆ. ಕಷ್ಟ ಶುರುವಾಗುವುದು ಜೂನ್‌ನಲ್ಲಿ. ಮಳೆ ಹಿಡಿದರೆ ನೊಣ ಹಾರದು, ಅರಳಿದ ಹೂವಿನ ಮಕರಂದವೂ ತೊಳೆದುಹೋಗುತ್ತದೆ. ಬೆಟ್ಟದ ಕಾರ್ವಿ ಮಳೆಯ ಕೊನೆಗೆ ಅರಳುತ್ತದೆ ನಿಜ, ಆದರೆ ಎಂಟು ವರ್ಷಕ್ಕೊಮ್ಮೆ. ಡೊಂಬಿವಲಿ, ಕಲ್ಯಾಣದ ಹಿತ್ತಿಲಲ್ಲೋ ತಾರಸಿಯಲ್ಲೋ ಪೆಟ್ಟಿಗೆ ಇಟ್ಟವರು ಆಗ ಪೋಷಕ ಪುಡಿ, ಪರಿಮಳದ ಎಣ್ಣೆ, ನುಸಿನಾಶಕಗಳನ್ನು ಹುಡುಕತೊಡಗುತ್ತಾರೆ.

ಇಂಥ ಸರಕುಗಳಲ್ಲಿ ಹೆಚ್ಚಿನವು ಯುರೋಪಿನ ಮೆಲ್ಲಿಫೆರಾ ಜೇನಿಗೆಂದು ತಯಾರಾದವು. ನಮ್ಮ ಪೆಟ್ಟಿಗೆಯ ತುಡುವೆಯ ಸ್ವಭಾವ ಬೇರೆ. ದಾಸ್ತಾನು ಬರಿದಾದರೆ ಅದು ಅಲ್ಲೇ ಕೂತು ಸಾಯುವುದಿಲ್ಲ, ಇಡೀ ಸಂಸಾರ ಗೂಡು ಬಿಟ್ಟು ಹೊರಡುತ್ತದೆ. ಆದ್ದರಿಂದ ಮಳೆಗಾಲದಲ್ಲಿ ಸಕ್ಕರೆ ಪಾಕ ಬೇಕಾಗುತ್ತದೆ. ನೀರು ಕುದಿಸಿ ಇಳಿಸಿ, ಸಮತೂಕದ ಬಿಳಿ ಸಕ್ಕರೆ ಕರಗಿಸಿ, ಆರಿದ ಮೇಲೆ ಸಂಜೆ ಹೊತ್ತು ಪೆಟ್ಟಿಗೆಯ ಒಳಗೇ ಇಡಬೇಕು. ರಾತ್ರಿ ಕಳೆಯುವಷ್ಟರಲ್ಲಿ ಮುಗಿಯುವಷ್ಟಿದ್ದರೆ ಸಾಕು. ಬೆಲ್ಲದಲ್ಲಿರುವ ಲವಣ, ಕಲ್ಮಷಗಳಿಂದ ನೊಣಕ್ಕೆ ಭೇದಿಯಾಗುತ್ತದೆ. ಸಕ್ಕರೆ ಒಡೆಯಲೆಂದು ನಿಂಬೆರಸ ಹಾಕಿ ಕುದಿಸುವವರೂ ಇದ್ದಾರೆ. ಹಾಗೆ ಮಾಡಿದರೆ ನೊಣಕ್ಕೆ ವಿಷವಾಗುವ ಎಚ್‌ಎಂಎಫ್ ಎಂಬ ರಾಸಾಯನಿಕ ಹುಟ್ಟುತ್ತದೆ. ಸಕ್ಕರೆ ಒಡೆಯುವ ಇನ್ವರ್ಟೇಸ್ ಕಿಣ್ವ ನೊಣದಲ್ಲೇ ಇದೆ, ನಮ್ಮ ನೆರವು ಅದಕ್ಕೆ ಬೇಡ.

ಸಕ್ಕರೆ ಶಕ್ತಿ ಕೊಟ್ಟೀತು, ಮರಿ ಬೆಳೆಸದು. ಮರಿಗಳಿಗೆ ಉಣಿಸುವ ಎಳೆಯ ನೊಣಗಳು ತಲೆಯ ಗ್ರಂಥಿಗಳಲ್ಲಿ ಆಹಾರ ಸ್ರವಿಸಲು ಪರಾಗ ತಿನ್ನಲೇಬೇಕು. ಜೇನಿಗೆ ಹತ್ತು ಅಮೈನೊ ಆಮ್ಲಗಳು ಹೊರಗಿನಿಂದಲೇ ಸಿಗಬೇಕೆಂದು ಡಚ್ ವಿಜ್ಞಾನಿ ಡಿ ಗ್ರೂಟ್ 1953ರಲ್ಲಿ ತೋರಿಸಿದರು. ಕೊಬ್ಬು ತೆಗೆದ ಸೋಯಾ ಹಿಟ್ಟು, ಯೀಸ್ಟ್, ಸಕ್ಕರೆ ಕಲಸಿದ ಉಂಡೆ ಈ ಕೊರತೆಯನ್ನು ಸ್ವಲ್ಪ ತುಂಬುತ್ತದೆ. ಕೊಂಕಣದ ತೇವದಲ್ಲಿ ಉಳಿದ ಉಂಡೆಗೆ ಬೇಗ ಬೂಷ್ಟು ಬರುತ್ತದೆ, ತಿನ್ನದಿದ್ದರೆ ತೆಗೆದುಬಿಡಬೇಕು.

ಸಿಂಪಡಣೆಯ ಮಾತು ಬೇರೆ. ನಿಂಬೆಹುಲ್ಲಿನ ಎಣ್ಣೆಯಲ್ಲಿರುವ ಸಿಟ್ರಾಲ್, ನೊಣಗಳು ಜೊತೆಗಾರರನ್ನು ಕರೆಯಲು ಬಿಡುವ ವಾಸನೆಯಲ್ಲೂ ಇದೆ. ಎರಡು ಸಂಸಾರ ಕೂಡಿಸುವಾಗ ವಾಸನೆಯ ಭೇದ ಮುಚ್ಚಲು ಇಂಥ ಪರಿಮಳದ ಸಕ್ಕರೆ ನೀರು ಉಪಯೋಗಕ್ಕೆ ಬರುತ್ತದೆ. ಅದು ಮದ್ದಲ್ಲ. ಹೆಚ್ಚಾದರೆ ಪಕ್ಕದ ಗೂಡಿನ ನೊಣಗಳು ದರೋಡೆಗೆ ಬರುತ್ತವೆ. ನುಸಿನಾಶಕದ ಖರ್ಚಂತೂ ಹೆಚ್ಚಾಗಿ ದಂಡ. ವರೋವಾ ನುಸಿಯ ಮೂಲ ಆಸರೆಯೇ ತುಡುವೆ ಜಾತಿ. ಅದರಲ್ಲಿ ಈ ನುಸಿ ಬಹುತೇಕ ಗಂಡುನೊಣಗಳ ಕೋಶದಲ್ಲಷ್ಟೇ ಮರಿ ಮಾಡುತ್ತದೆ, ಕೆಲಸಗಾರ ನೊಣಗಳು ಕಚ್ಚಿ ಕಿತ್ತೊಗೆಯುತ್ತವೆ. 1990ರ ದಶಕದ ಮೊದಲಲ್ಲಿ ಕರ್ನಾಟಕದ ತುಡುವೆಯನ್ನು ಬಹುಪಾಲು ಅಳಿಸಿದ್ದು ಥಾಯ್ ಸ್ಯಾಕ್‌ಬ್ರೂಡ್ ಎಂಬ ವೈರಸ್. ವೈರಸ್‌ಗೆ ಆಂಟಿಬಯೋಟಿಕ್ ನಾಟುವುದಿಲ್ಲ, ಅದರ ಅಂಶ ಮಾತ್ರ ಜೇನುತುಪ್ಪದಲ್ಲಿ ಉಳಿಯುತ್ತದೆ. ಬಲವಾದ ಸಂಸಾರ, ಚೊಕ್ಕಟವಾದ ತಳಹಲಗೆ, ಖಾಲಿ ಎರಿಗಳನ್ನು ತೆಗೆದಿಡುವುದು, ಇವೇ ಮೇಣದ ಹುಳುವಿಗೂ ಮೊದಲ ತಡೆ.

ನಗರದಲ್ಲಿ ನಿಜಕ್ಕೂ ಹೆದರಬೇಕಾದ್ದು ಸೊಳ್ಳೆಗೆ ಹೊಡೆಯುವ ಕೀಟನಾಶಕದ ಹೊಗೆಗೆ. ಸೊಳ್ಳೆಮದ್ದುಗಳಲ್ಲಿ ಸಾಮಾನ್ಯವಾದ ಪೈರೆಥ್ರಾಯ್ಡ್ ಜೇನಿಗೆ ಕಡುವಿಷ. ಹೊಗೆಯ ಬಂಡಿ ಬರುವ ಹೊತ್ತು ತಿಳಿದರೆ, ನೊಣಗಳು ಮರಳಿದ ಮೇಲೆ ಗಾಳಿಗೆ ಎಡೆಯಿಟ್ಟು ಒದ್ದೆ ಬಟ್ಟೆ ಹೊದಿಸಿ, ಹೊಗೆ ತಿಳಿಯಾದೊಡನೆ ತೆಗೆಯಬೇಕು.

ಹೂ ಶುರುವಾಗುವ ಮೊದಲೇ ಪಾಕ ನಿಲ್ಲಿಸಿ, ಇಲ್ಲದಿದ್ದರೆ ಅದು ಜೇನುತುಪ್ಪಕ್ಕೆ ಸೇರುತ್ತದೆ. ಕಬ್ಬು ಇಂಗಾಲವನ್ನು ಹಿಡಿಯುವ ಬಗೆಯೇ ಬೇರೆ. ಹಾಗಾಗಿ ಕಬ್ಬಿನ ಸಕ್ಕರೆ ಬೆರೆತರೆ ಪ್ರಯೋಗಾಲಯದ ಇಂಗಾಲ ಪರೀಕ್ಷೆಯಲ್ಲಿ ಸಿಕ್ಕಿಬೀಳುತ್ತದೆ. ಪಾಕ ತುಂಬಿದ ಎರಿ ನೊಣಗಳ ಪಾಲು, ಅದನ್ನು ಹಿಂಡಬಾರದು.