ಸಂಶೋಧನ ಲೇಖನ: ವಿದ್ಯಾರ್ಥಿಗಳು ಎಡವುವುದೆಲ್ಲಿ?

ಮನೆಯಲ್ಲಿ ಸಂಶೋಧನ ವಿದ್ಯಾರ್ಥಿಯೊಬ್ಬರಿದ್ದರೆ ಆ ಮನೆಯವರಿಗೆ ಈ ದೃಶ್ಯ ಅಪರಿಚಿತವಲ್ಲ. ಮಗಳು ತಿಂಗಳುಗಟ್ಟಲೆ ಪುಸ್ತಕಭಂಡಾರಕ್ಕೆ ಅಲೆದಿದ್ದಾಳೆ. ರಾತ್ರಿ ಹನ್ನೆರಡು ಹೊಡೆದರೂ ಅವಳ ಕೋಣೆಯ ದೀಪ ಆರುವುದಿಲ್ಲ. ಕೊನೆಗೊಂದು ದಿನ ಲೇಖನದ ಕರಡನ್ನು ಮಾರ್ಗದರ್ಶಕರ ಕೈಗಿತ್ತು ಬಂದಳೆಂದು ತಾಯಿ ಪಾಯಸ ಮಾಡಿದ್ದೂ ಆಯಿತು. ವಾರ ಕಳೆಯುವಷ್ಟರಲ್ಲಿ ಕರಡು ಹಿಂದಿರುಗುತ್ತದೆ. ಪುಟದ ಅಂಚಿನ ತುಂಬ ಕೆಂಪು ಶಾಯಿ. “ಇಷ್ಟು ಓದಿದವಳಿಗೆ ನಾಲ್ಕು ಪುಟ ಬರೆಯಲು ಬಾರದೇನಮ್ಮ?” ಎಂದು ತಂದೆ ಕೇಳುತ್ತಾರೆ. ಮಗಳ ಕಣ್ಣಿನಲ್ಲಿ ನೀರು.

ತಂದೆಯ ಪ್ರಶ್ನೆ ಸಹಜವಾದುದು, ಆದರೆ ನ್ಯಾಯವಾದುದಲ್ಲ. ಓದುವುದು ಒಂದು ವಿದ್ಯೆ. ಓದಿ ಕಂಡುಕೊಂಡುದನ್ನು ಪರರು ಪರೀಕ್ಷಿಸಿ ಒಪ್ಪುವಂತೆ ಬರೆಯುವುದು ಇನ್ನೊಂದು ವಿದ್ಯೆ. ಮೊದಲನೆಯದನ್ನು ಬಾಲ್ಯದಿಂದ ಕಲಿಸುತ್ತೇವೆ. ಎರಡನೆಯದು ತಾನಾಗಿ ಬರುವುದೆಂದು ನಂಬಿ ಕೈಬಿಡುತ್ತೇವೆ. ಆದುದರಿಂದಲೇ ಎಡವುವವರೆಲ್ಲರೂ ಹೆಚ್ಚುಕಡಿಮೆ ಒಂದೇ ಸ್ಥಳಗಳಲ್ಲಿ ಎಡವುತ್ತಾರೆ. ಆ ಸ್ಥಳಗಳನ್ನು ಮೊದಲೇ ಗುರುತಿಸಿಕೊಳ್ಳುವುದು ಲೇಸು.

ಪ್ರಶ್ನೆಯಿಲ್ಲದ ಉತ್ತರ

ಮೊದಲನೆಯ ತಪ್ಪು ಶೀರ್ಷಿಕೆಯಲ್ಲಿಯೇ ಕಾಣುತ್ತದೆ. “ಕನ್ನಡ ಶಾಸನಗಳು: ಒಂದು ಅಧ್ಯಯನ” ಎಂದು ವಿದ್ಯಾರ್ಥಿಯು ಬರೆಯುತ್ತಾನೆ. ಬಿ. ಎಲ್. ರೈಸ್ ಅವರು 1886ರಲ್ಲಿ ಪ್ರಕಟಿಸಲಾರಂಭಿಸಿದ ‘ಎಪಿಗ್ರಾಫಿಯ ಕರ್ನಾಟಿಕ’ದ ಸಂಪುಟಗಳೇ ಕಪಾಟನ್ನು ತುಂಬುತ್ತವೆ. ಅವೆಲ್ಲವನ್ನೂ ಹದಿನೈದು ಪುಟಗಳಲ್ಲಿ ಹಿಡಿಯಹೊರಟರೆ ಕೈಗೆ ಏನೂ ಸಿಕ್ಕದು.

ಇದಕ್ಕೆ ಪ್ರತಿಯಾಗಿ ಹಲ್ಮಿಡಿ ಶಾಸನವನ್ನು ನೋಡಿರಿ. ಮೈಸೂರಿನ ಪುರಾತತ್ವ ಇಲಾಖೆಯ ಡಾ. ಎಂ. ಎಚ್. ಕೃಷ್ಣ ಅವರು 1936ರಲ್ಲಿ ಬೆಳಕಿಗೆ ತಂದ ಆ ಕಲ್ಲಿನಲ್ಲಿರುವುದು ಕೇವಲ 16 ಸಾಲುಗಳು. ಅದರಲ್ಲಿ ಕಾಲದ ಉಲ್ಲೇಖವಿಲ್ಲ. ಸುಮಾರು ಕ್ರಿ. ಶ. 450 ಎಂಬ ನಿರ್ಣಯಕ್ಕೆ ಲಿಪಿ, ಭಾಷೆ, ಅರಸರ ಹೆಸರು ಇವೇ ಆಧಾರ. ಈ ಒಂದು ಪ್ರಶ್ನೆಯನ್ನು ಕುರಿತೇ ವಿದ್ವಾಂಸರು ದಶಕಗಳ ಕಾಲ ಚರ್ಚಿಸಿದ್ದಾರೆ. ವಿಷಯ ಕಿರಿದಾದಷ್ಟೂ ವಿಚಾರ ಆಳವಾಗುತ್ತದೆ. ತನ್ನ ಲೇಖನವು ಯಾವ ಪ್ರಶ್ನೆಗೆ ಉತ್ತರವೆಂಬುದನ್ನು ಒಂದು ವಾಕ್ಯದಲ್ಲಿ ಹೇಳಲಾರದವನು ಇನ್ನೂ ಬರೆಯಲು ಕೂರತಕ್ಕದ್ದಲ್ಲ.

ಕಾಣದ ಗ್ರಂಥಕ್ಕೆ ಸಾಕ್ಷಿ

ಎರಡನೆಯ ತಪ್ಪು ಅಡಿಟಿಪ್ಪಣಿಯಲ್ಲಿ ಅಡಗಿರುತ್ತದೆ. ಮೂಲಗ್ರಂಥವನ್ನು ಕಣ್ಣಾರೆ ಕಾಣದೆ, ಬೇರೊಬ್ಬರು ಉದ್ಧರಿಸಿದುದನ್ನು ನಂಬಿ, ತಾನೇ ಓದಿದವನಂತೆ ಮೂಲದ ಹೆಸರನ್ನು ನಮೂದಿಸುವುದು. ಇದರಿಂದ ಏನಾಗಬಹುದೆಂಬುದಕ್ಕೆ ಪಾಲಕ್ ಸೊಪ್ಪಿನ ಕಥೆಯೇ ಸಾಕು.

ಪಾಲಕ್ ಸೊಪ್ಪಿನಲ್ಲಿ ಅಪಾರ ಕಬ್ಬಿಣವಿದೆಯೆಂಬ ಜನರ ನಂಬಿಕೆಯನ್ನು ಅಲ್ಲಗಳೆಯುತ್ತ, 1981ರಲ್ಲಿ ಟಿ. ಜೆ. ಹ್ಯಾಂಬ್ಲಿನ್ ಎಂಬ ವೈದ್ಯರು ಬ್ರಿಟನ್ನಿನ ಪ್ರಸಿದ್ಧ ವೈದ್ಯಕೀಯ ಪತ್ರಿಕೆಯೊಂದರಲ್ಲಿ ಬರೆದರು: ಹಿಂದಿನ ಗಣನೆಯೊಂದರಲ್ಲಿ ದಶಮಾಂಶ ಬಿಂದುವು ಸ್ಥಾನ ತಪ್ಪಿತು, ಕಬ್ಬಿಣದ ಪ್ರಮಾಣ ಹತ್ತುಪಟ್ಟಾಯಿತು, ನಂಬಿಕೆ ಹುಟ್ಟಿದ್ದು ಹೀಗೆ, ಎಂದು. ಕಥೆ ಸೊಗಸಾಗಿತ್ತು. ಪ್ರಾಧ್ಯಾಪಕರು ತರಗತಿಗಳಲ್ಲಿ ಹೇಳಿದರು. ಲೇಖಕರು ಒಬ್ಬರಿಂದೊಬ್ಬರು ಎತ್ತಿಕೊಂಡರು. ಎಚ್ಚರಿಕೆಯಿಲ್ಲದೆ ಬರೆದರೆ ಹೀಗಾಗುತ್ತದೆಂದು ಪಾಠ ಹೇಳಲೂ ಅದನ್ನೇ ಬಳಸಿದರು. ಆದರೆ ಹ್ಯಾಂಬ್ಲಿನ್ ತಮ್ಮ ಮಾತಿಗೆ ಆಧಾರವನ್ನೇ ಕೊಟ್ಟಿರಲಿಲ್ಲ. ಮೈಕ್ ಸಟನ್ ಎಂಬ ಸಂಶೋಧಕರು ಬೆನ್ನುಹತ್ತಿ ಹುಡುಕಿ, ದಶಮಾಂಶ ಬಿಂದುವಿನ ಕಥೆಗೆ ಪುರಾವೆಯೇ ದೊರೆಯಲಿಲ್ಲವೆಂದು 2010ರಲ್ಲಿ ಪ್ರಕಟಿಸಿದರು. ಅಜಾಗರೂಕತೆಯನ್ನು ಖಂಡಿಸಿದ ಕಥೆಯೇ ಅಜಾಗರೂಕತೆಯಿಂದ ಹಬ್ಬಿತ್ತು! ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡಬೇಕೆಂದು ನಮ್ಮ ಹಿರಿಯರು ಹೇಳಿದ್ದಾರೆ. ಕಾಣದುದನ್ನು ಪ್ರಮಾಣಿಸದೆ ಬರೆಯುವುದಕ್ಕೆ ಏನನ್ನೋಣ?

ಈಗ ಕೃತಕ ಬುದ್ಧಿಮತ್ತೆಯ ಯಂತ್ರಗಳು ಬಂದ ಮೇಲೆ ಅಪಾಯ ಇಮ್ಮಡಿಸಿದೆ. ಕೇಳಿದರೆ ಸಾಕು, ಅವು ಲೇಖಕರ ಹೆಸರು, ವರ್ಷ, ಪುಟಸಂಖ್ಯೆಗಳ ಸಮೇತ, ಎಂದೂ ಅಚ್ಚಾಗದ ಲೇಖನಗಳನ್ನು ಸೃಷ್ಟಿಸಿಕೊಡುವುದುಂಟು. ಕೈಯಲ್ಲಿ ಹಿಡಿದು ಓದದ ಗ್ರಂಥವನ್ನು ಆಧಾರಪಟ್ಟಿಗೆ ಸೇರಿಸತಕ್ಕದ್ದಲ್ಲವೆಂಬ ಹಳೆಯ ನಿಯಮವೇ ಇಲ್ಲಿಯೂ ಕಾಪಾಡುತ್ತದೆ.

ಕಂಡದ್ದು, ಊಹಿಸಿದ್ದು

ಮೂರನೆಯ ತಪ್ಪು, ಕಂಡ ಫಲಿತಾಂಶವನ್ನೂ ಅದರಿಂದ ಮಾಡಿದ ಊಹೆಯನ್ನೂ ಬೆರೆಸಿಬಿಡುವುದು. ನೂರು ಮಂದಿ ವಿದ್ಯಾರ್ಥಿಗಳನ್ನು ಪ್ರಶ್ನಿಸಿ, “ಭಾರತದ ಯುವಜನರೆಲ್ಲ ಹೀಗೆಯೇ” ಎಂದು ಮುಗಿಸುವವರುಂಟು. ಎರಡು ಸಂಗತಿಗಳು ಒಟ್ಟಿಗೆ ಕಂಡವೆಂದ ಮಾತ್ರಕ್ಕೆ ಒಂದು ಇನ್ನೊಂದಕ್ಕೆ ಕಾರಣವೆನ್ನುವವರೂ ಉಂಟು.

ಸರ್ ಸಿ. ವಿ. ರಾಮನ್ ಮತ್ತು ಕೆ. ಎಸ್. ಕೃಷ್ಣನ್ ಅವರು ಕಲ್ಕತ್ತೆಯಿಂದ 1928ರ ಫೆಬ್ರವರಿ 16ರಂದು ‘ನೇಚರ್’ ಪತ್ರಿಕೆಗೆ ಬರೆದು, ಮಾರ್ಚ್ 31ರಂದು ಪ್ರಕಟವಾದ ಪುಟ್ಟ ಪತ್ರವು ಇಲ್ಲಿ ಮೇಲ್ಪಂಕ್ತಿ. ಸುಮಾರು 60 ದ್ರವಗಳನ್ನು ಪರೀಕ್ಷಿಸಿ, ಎಲ್ಲದರಲ್ಲಿಯೂ ಹೊಸ ಪರಿಣಾಮವನ್ನು ಕಂಡೆವೆಂದು ಅವರು ತಿಳಿಸಿದರು. ಅಷ್ಟಕ್ಕೇ ನಿಲ್ಲಲಿಲ್ಲ. “ಇದು ಬರಿಯ ಪ್ರತಿದೀಪ್ತಿಯಾಗಿರಬಾರದೇಕೆ?” ಎಂದು ಓದುಗನು ಕೇಳುವ ಮೊದಲೇ, ಹಾಗಲ್ಲವೆನ್ನಲು ಎರಡು ಕಾರಣಗಳನ್ನು ಕೊಟ್ಟರು: ಬೆಳಕಿನ ಕ್ಷೀಣತೆ ಒಂದು, ಅದರ ಧ್ರುವೀಕರಣ ಇನ್ನೊಂದು. ಎದುರುವಾದವನ್ನು ತಾನೇ ಎತ್ತಿ ತಾನೇ ಉತ್ತರಿಸುವುದು ಧೈರ್ಯದ ಲಕ್ಷಣ. ನಮ್ಮ ವಿದ್ಯಾರ್ಥಿಗಳು ಅದನ್ನು ಮುಚ್ಚಿಡುತ್ತಾರೆ. ಪರೀಕ್ಷಕರು ಅದನ್ನೇ ಎತ್ತಿ ಹಿಡಿಯುತ್ತಾರೆ. ಆ ಪತ್ರ ಭಾರತಕ್ಕೆ 1930ರ ನೊಬೆಲ್ ಬಹುಮಾನದ ದಾರಿ ತೆರೆಯಿತು. ಅದರಲ್ಲಿ ಆಡಂಬರದ ಮಾತಿಗೆ ಎಡೆಯೇ ಇರಲಿಲ್ಲ.

ಭಾಷೆಯ ಆಡಂಬರವೇ ನಾಲ್ಕನೆಯ ತಪ್ಪು. ಕ್ಲಿಷ್ಟವಾಗಿ ಬರೆದರೆ ಗಹನವಾಗಿ ತೋರುವುದೆಂಬುದು ಭ್ರಮೆ. ಅರ್ಥ ತಿಳಿಯದ ಪಾರಿಭಾಷಿಕ ಪದಗಳನ್ನು ಸಾಲಾಗಿ ನಿಲ್ಲಿಸಿದ ವಾಕ್ಯದಲ್ಲಿ ಬೆಟ್ಟ ಅಗೆದರೆ ಇಲಿಯೂ ಸಿಕ್ಕುವುದಿಲ್ಲ. ಸಾರಾಂಶವು ಮೊದಲು ಅಚ್ಚಾಗುವುದಾದರೂ ಕಡೆಯಲ್ಲಿ ಬರೆಯತಕ್ಕದ್ದು. ಏನು ಕಂಡುಬಂದಿತೆಂದು ತಿಳಿಯುವ ಮೊದಲು ಸಾರವನ್ನು ಹೇಳುವುದೆಂತು?

ಎರವಲು ಮತ್ತು ಕಳವು

ಕೊನೆಯದು ಎಲ್ಲಕ್ಕಿಂತ ಗಂಭೀರವಾದುದು. ಓದುವಾಗ ಇತರರ ವಾಕ್ಯಗಳನ್ನು ಉದ್ಧರಣ ಚಿಹ್ನೆಯಿಲ್ಲದೆ ಟಿಪ್ಪಣಿ ಪುಸ್ತಕಕ್ಕೆ ಇಳಿಸಿಕೊಳ್ಳುವುದು. ಆರು ತಿಂಗಳ ಮೇಲೆ ಅವು ತನ್ನವೇ ಎಂದು ಮರೆತು ಲೇಖನಕ್ಕೆ ಸೇರಿಸುವುದು. ಇದು ಬಹಳ ಸಲ ದುರುದ್ದೇಶದಿಂದ ಆಗುವುದಲ್ಲ. ಆದರೆ ಪರಿಣಾಮ ಒಂದೇ. ವಿಶ್ವವಿದ್ಯಾನಿಲಯ ಅನುದಾನ ಆಯೋಗವು 2018ರಲ್ಲಿ ಹೊರಡಿಸಿದ ನಿಯಮಗಳ ಪ್ರಕಾರ, ಮಹಾಪ್ರಬಂಧದಲ್ಲಿ ಪರರ ಬರಹದೊಡನೆ ಶೇಕಡ 10ರವರೆಗಿನ ಹೋಲಿಕೆಗೆ ದಂಡನೆಯಿಲ್ಲ. ಅದನ್ನು ಮೀರಿ 40ರವರೆಗೆ ಇದ್ದರೆ 6 ತಿಂಗಳೊಳಗಾಗಿ ತಿದ್ದಿ ಒಪ್ಪಿಸಬೇಕು; 40ರಿಂದ 60ರವರೆಗೆ ಆದರೆ ಒಂದು ವರ್ಷ ತಡೆ; 60ನ್ನು ಮೀರಿದರೆ ನೋಂದಣಿಯೇ ರದ್ದು. ಸರಿಯಾಗಿ ಋಣ ಸೂಚಿಸಿದ ಉದ್ಧರಣೆಯು ಈ ಲೆಕ್ಕಕ್ಕೆ ಸೇರುವುದಿಲ್ಲ. ಎರವಲು ತಂದುದನ್ನು ಎರವಲೆಂದು ಹೇಳಿದರೆ ಮರ್ಯಾದೆ, ಹೇಳದಿದ್ದರೆ ಕಳವು. ವರ್ಷಗಳ ದುಡಿಮೆ, ತಂದೆತಾಯಿಗಳ ಉಳಿತಾಯ, ಮುಂದಿನ ಉದ್ಯೋಗ, ಎಲ್ಲವೂ ಒಂದು ಉದ್ಧರಣ ಚಿಹ್ನೆಯನ್ನು ಅವಲಂಬಿಸಿರಬಹುದು.

ಪರಿಹಾರವೇನು? ಓದು ಪೂರ್ತಿಯಾದ ಮೇಲೆ ಬರೆಯುವೆನೆಂದು ಕಾಯದೆ ಬೇಗನೆ ಬರೆಯಲಾರಂಭಿಸಬೇಕು. ಕರಡನ್ನು ಒಂದು ವಾರ ಪೆಟ್ಟಿಗೆಯಲ್ಲಿಟ್ಟು, ಆ ಬಳಿಕ ಅಪರಿಚಿತನ ಕಣ್ಣಿನಿಂದ ಓದಬೇಕು. ಮನೆಯವರೂ ಇಲ್ಲಿ ನೆರವಾಗಬಹುದು. ಸಂಜೆ ಮಗಳು ಲೇಖನವನ್ನು ಗಟ್ಟಿಯಾಗಿ ಓದಲಿ. ತಾಯಿ ಬೀನ್ಸ್ ಸೋಸುತ್ತ ಕೇಳಲಿ. “ಅದು ನಿನಗೆ ಹೇಗೆ ಗೊತ್ತಾಯಿತೇ?” ಎಂದು ತಾಯಿ ಕೇಳಿದ ಕಡೆಯಲ್ಲೆಲ್ಲ ಆಧಾರ ಸಾಲದು, “ಹಾಗೆಂದರೇನು?” ಎಂದ ಕಡೆಯಲ್ಲೆಲ್ಲ ಭಾಷೆ ತಿಳಿಯಾಗಿಲ್ಲ. ವಿಷಯವನ್ನು ಅರಿಯದವರ ಈ ಎರಡು ಪ್ರಶ್ನೆಗಳು ಅರಿತವರ ಹೊಗಳಿಕೆಗಿಂತ ಹೆಚ್ಚು ಉಪಕಾರಿ.

ಇನ್ನು ಆ ಕೆಂಪು ಶಾಯಿ. ಓದದೆ ರುಜು ಹಾಕುವ ಮಾರ್ಗದರ್ಶಕರಿಗಿಂತ ಅಂಚಿನ ತುಂಬ ಬರೆದು ಹಿಂದಿರುಗಿಸುವವರು ಶಿಷ್ಯೆಯ ಹಿತವನ್ನೇ ಬಯಸುವವರು. ಕಣ್ಣೊರೆಸಿಕೊಂಡು ಮತ್ತೆ ಮೇಜಿನ ಮುಂದೆ ಕೂತ ಮಗಳಿಗೆ ಒಂದು ಲೋಟ ಬಿಸಿ ಕಾಫಿ ಕೊಡಿರಿ. ಸಂಶೋಧನೆಯ ನಿಜವಾದ ಪಾಠ ಈಗಷ್ಟೇ ಆರಂಭವಾಗಿದೆ.