ರೈಯೋಲಿಗೆ ಮಕ್ಕಳನ್ನು ಕರೆದೊಯ್ಯಿರಿ, ಕಲ್ಲನ್ನು ಮಾತ್ರ ಅಲ್ಲೇ ಬಿಡಿ

ಮುಂಬಯಿ, ಪುಣೆ, ಅಹಮದಾಬಾದಿನ ಕನ್ನಡಿಗರ ಮನೆಗಳಲ್ಲಿ ರಜೆ ಎಂದರೆ ಊರು. ಎಪ್ರಿಲ್ ಮುಗಿಯುವ ಮೊದಲೇ ರೈಲಿನ ಟಿಕೆಟ್ ಆಗಿರುತ್ತದೆ. ಆದರೆ ದೀಪಾವಳಿ ಮತ್ತು ಕ್ರಿಸ್ಮಸ್ಸಿನ ಸಣ್ಣ ರಜೆಗಳು ಟಿವಿಯ ಮುಂದೆಯೇ ಕಳೆದುಹೋಗುವುದು ಹೆಚ್ಚು. ಅಂತಹ ಎರಡು ದಿನಗಳನ್ನು ಗುಜರಾತಿನ ರೈಯೋಲಿ ಎಂಬ ಹಳ್ಳಿಗೆ ಮೀಸಲಿಟ್ಟರೆ ಮಕ್ಕಳಿಗೆ ಜೀವಮಾನವಿಡೀ ನೆನಪಿರುವ ಪಾಠವೊಂದು ಸಿಗುತ್ತದೆ.

ಟಿರಾನೊಸಾರಸ್ ಎಂಬ ಹೆಸರನ್ನು ತೊದಲದೆ ಹೇಳುವ ಪುಟ್ಟ ಪೋರನಿಗೂ ರಾಜಾಸಾರಸ್ ಗೊತ್ತಿರುವುದಿಲ್ಲ. ಅವನನ್ನು ದೂರುವಂತಿಲ್ಲ, ತಂದೆ ತಾಯಿಗೂ ಗೊತ್ತಿರುವುದು ಅಪರೂಪ. ಡೈನೋಸಾರ್ ಎಂದರೆ ಹಾಲಿವುಡ್‌ನ ಪ್ರಾಣಿ ಎಂದೇ ನಮ್ಮವರ ಭಾವನೆ. ನಿಜವಾಗಿ, ಇಂಗ್ಲೆಂಡಿನ ರಿಚರ್ಡ್ ಓವೆನ್ 1842ರಲ್ಲಿ ಡೈನೋಸಾರ್ ಎಂಬ ಪದವನ್ನು ಟಂಕಿಸುವ ಮೊದಲೇ, 1828ರಲ್ಲಿ, ಜಬಲಪುರದಲ್ಲಿ ಅವುಗಳ ಮೂಳೆ ಸಿಕ್ಕಿತ್ತು. ಸಿಕ್ಕಿದ್ದು ಠಕ್ಕರನ್ನು ಮಟ್ಟಹಾಕಿ ಹೆಸರಾದ ಸ್ಲೀಮನ್ ಸಾಹೇಬನಿಗೆ.

ರೈಯೋಲಿ ಇರುವುದು ಮಹಿಸಾಗರ ಜಿಲ್ಲೆಯ ಬಾಲಾಸಿನೋರ್ ಪಟ್ಟಣದ ಬಳಿ. ಅಹಮದಾಬಾದಿನಿಂದ ಸುಮಾರು 90 ಕಿ.ಮೀ. ಮುಂಬಯಿಯಿಂದ ರಾತ್ರಿ ರೈಲು ಹತ್ತಿದರೆ ಬೆಳಗ್ಗೆ ಅಹಮದಾಬಾದ್, ಅಲ್ಲಿಂದ ರಸ್ತೆ ದಾರಿ. 1980ರ ದಶಕದ ಆರಂಭದಲ್ಲಿ ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣೆಯವರು ಈ ಭಾಗದಲ್ಲಿ ಕೆಲಸ ಮಾಡುತ್ತಿದ್ದಾಗ ಮೂಳೆಗಳೂ ಕಲ್ಲಾದ ಮೊಟ್ಟೆಗಳೂ ಕಂಡುಬಂದವು. ಇಂದು ಅಲ್ಲಿ ಬೇಲಿ ಹಾಕಿದ ಉದ್ಯಾನವಿದೆ, 2019ರಲ್ಲಿ ತೆರೆದ ವಸ್ತು ಸಂಗ್ರಹಾಲಯವಿದೆ. ಸಂಗ್ರಹಾಲಯದ ದೊಡ್ಡ ಪ್ರತಿಕೃತಿಗಳ ಮುಂದೆ ಮಕ್ಕಳು ಫೋಟೋ ತೆಗೆಸಿಕೊಳ್ಳುತ್ತಾರೆ, ತೆಗೆಸಿಕೊಳ್ಳಲಿ. ನಿಜವಾದ ಸಂಪತ್ತು ಇರುವುದು ಹೊರಗಿನ ಗುಡ್ಡದಲ್ಲಿ.

ಗುಡ್ಡದಲ್ಲಿ ಮೊದಲು ಏನೂ ಕಾಣುವುದಿಲ್ಲ. 'ಬರೀ ಕಲ್ಲು' ಎಂದು ಮಕ್ಕಳು ಮುಖ ಬಾಡಿಸುತ್ತಾರೆ. ಮಾರ್ಗದರ್ಶಕರು ಬೆರಳಿಟ್ಟು ತೋರಿಸಿದ ಮೇಲೆ ಬಂಡೆಯ ಮೈಯಲ್ಲಿ ಅಂಗೈಯಗಲದ ಉಂಗುರ ಕಾಣುತ್ತದೆ. ಅದು ಮೊಟ್ಟೆ. ಒಂದನ್ನು ಕಂಡ ಕಣ್ಣಿಗೆ ಪಕ್ಕದ್ದೂ, ಅದರ ಪಕ್ಕದ್ದೂ ತಾನಾಗಿ ಕಾಣತೊಡಗುತ್ತವೆ. ಆ ಮೇಲೆ ಮಕ್ಕಳನ್ನು ಅಲ್ಲಿಂದ ಎಬ್ಬಿಸುವುದೇ ಕಷ್ಟ.

ಬಾಲಾಸಿನೋರ್‌ನ ಹಿಂದಿನ ರಾಜಮನೆತನದ ಆಲಿಯಾ ಸುಲ್ತಾನಾ ಬಾಬಿ ಅವರು ವರ್ಷಗಳಿಂದ ಪ್ರವಾಸಿಗರಿಗೆ ಈ ಜಾಗವನ್ನು ತೋರಿಸುತ್ತ, ಇದರ ರಕ್ಷಣೆಗಾಗಿ ಓಡಾಡುತ್ತ ಬಂದವರು. ಹಳ್ಳಿಯ ಅಜ್ಜಿಯೊಬ್ಬರು ಮಸಾಲೆ ಅರೆಯಲು ಬಳಸುತ್ತಿದ್ದ ಗುಂಡುಕಲ್ಲು ಡೈನೋಸಾರ್ ಮೊಟ್ಟೆಯಾಗಿತ್ತು ಎಂದು ಅವರು ಹೇಳಿಕೊಂಡಿದ್ದಾರೆ. ಅಜ್ಜಿಯದು ತಪ್ಪಲ್ಲ, ಕಲ್ಲು ಚೆನ್ನಾಗಿ ಅರೆಯುತ್ತಿತ್ತು. ತಪ್ಪು ಮಾಡಿದವರು ತಿಳಿದೂ ತಿಳಿದೂ ಚೂರುಗಳನ್ನು ಕಿಸೆಗೆ ಇಳಿಸಿಕೊಂಡು ಹೋದವರು.

ಒಂದು ಚೂರು ಹೋದರೆ ಏನಾಯಿತು ಎಂದು ಕೇಳುವ ಹಿರಿಯರಿಗೆ ರಾಜಾಸಾರಸ್ಸಿನ ಕತೆಯೇ ಉತ್ತರ. ಸರ್ವೇಕ್ಷಣೆಯ ಸುರೇಶ್ ಶ್ರೀವಾಸ್ತವ ಮತ್ತು ಸಂಗಡಿಗರು 1982ರಿಂದ 84ರ ನಡುವೆ ರೈಯೋಲಿಯ ಮೂಳೆಗಳನ್ನು ಅಗೆದು ತೆಗೆದಾಗ, ಯಾವ ಮೂಳೆ ಎಲ್ಲಿ, ಯಾವುದರ ಪಕ್ಕದಲ್ಲಿ ಬಿದ್ದಿತ್ತು ಎಂದು ನಕ್ಷೆ ಬರೆದಿಟ್ಟಿದ್ದರು. ಮೂಳೆಗಳು ಹೆಸರಿಲ್ಲದೆ ಸುಮಾರು ಎರಡು ದಶಕ ದಾಸ್ತಾನಿನಲ್ಲಿದ್ದವು. ಅನಂತರ ಚಂಡೀಗಢದ ಅಶೋಕ್ ಸಾಹ್ನಿ, ಅಮೆರಿಕದ ಪಾಲ್ ಸೆರೆನೊ, ಜೆಫ್ರಿ ವಿಲ್ಸನ್ ಮೊದಲಾದವರು ಶ್ರೀವಾಸ್ತವರ ಜತೆಗೂಡಿ ಕುಳಿತಾಗ, ಯಾವ ಮೂಳೆ ಯಾವ ಪ್ರಾಣಿಯದ್ದು ಎಂದು ಬೇರ್ಪಡಿಸಲು ಆ ನಕ್ಷೆಯೇ ಆಧಾರವಾಯಿತು. 2003ರಲ್ಲಿ ರಾಜಾಸಾರಸ್ ನರ್ಮದೆನ್ಸಿಸ್ ಎಂದು ನಾಮಕರಣವಾಯಿತು. ನೆತ್ತಿಯ ಮೇಲೆ ಗಿಡ್ಡ ಕೊಂಬಿದ್ದ, 20 ಅಡಿಗೂ ಉದ್ದದ ಮಾಂಸಾಹಾರಿ, ಬದುಕಿದ್ದು ಸುಮಾರು 6.7 ಕೋಟಿ ವರ್ಷಗಳ ಹಿಂದೆ. ನಕ್ಷೆಗೆ ಮೊದಲೇ ಯಾರಾದರೂ ಮೂಳೆಗಳನ್ನು ಅತ್ತಿತ್ತ ಮಾಡಿದ್ದರೆ ಅವು ಇಂದಿಗೂ ಹೆಸರಿಲ್ಲದ ಮೂಳೆಗಳಾಗಿಯೇ ಇರುತ್ತಿದ್ದವು.

ಗುಜರಾತಿನ ಢೋಲಿ ಡುಂಗ್ರಿಯಲ್ಲಿ ಧನಂಜಯ ಮೊಹಬೆ ಅವರಿಗೆ ಸಿಕ್ಕ ಬಂಡೆಯ ಕತೆ ಇನ್ನೂ ರೋಚಕ. ಅದರಲ್ಲಿ ಮೊಟ್ಟೆಗಳಿದ್ದವು, ಆಗತಾನೆ ಹೊರಬಂದ ಮರಿಯ ಮೂಳೆಗಳಿದ್ದವು. ವರ್ಷಗಳ ಅನಂತರ ಮತ್ತೆ ನೋಡಿದಾಗ ಅದೇ ಕಲ್ಲಿನಲ್ಲಿ ಹಾವಿನ ಬೆನ್ನೆಲುಬು ಗುರುತಿಗೆ ಬಂತು. ಸುಮಾರು ಮೂರೂವರೆ ಮೀಟರ್ ಉದ್ದದ ಹಾವು, ಒಡೆದ ಮೊಟ್ಟೆಗೆ ಸುತ್ತು ಹಾಕಿದ ಸ್ಥಿತಿಯಲ್ಲೇ ಕೆಸರಿನಡಿ ಹೂತುಹೋಗಿತ್ತು. 2010ರಲ್ಲಿ ಅದಕ್ಕೆ 'ಸನಾಜೆ ಇಂಡಿಕಸ್' ಎಂದು ಹೆಸರಿಟ್ಟರು. ಗೂಡಿಗೆ ನುಗ್ಗುವ ಹಾವಿನ ಕತೆಯನ್ನು ಅಜ್ಜಿಯಿಂದ ಕೇಳದ ಮಗುವುಂಟೇ? ಇಲ್ಲಿ ಅದು ಕಲ್ಲಿನಲ್ಲೇ ಉಳಿದಿದೆ, ಎಲ್ಲವೂ ಒಂದೇ ಬಂಡೆಯಲ್ಲಿ ಉಳಿದ ಕಾರಣದಿಂದ.

ಹೆಜ್ಜೆಗುರುತು ಹುಡುಕುವ ಮಕ್ಕಳಿಗೆ ರಾಜಸ್ಥಾನದ ದಾರಿ ತೋರಿಸಬೇಕು. ಜೈಸಲ್ಮೇರ್ ಬಳಿಯ ಥೈಯಾತ್‌ನಲ್ಲಿ 2014ರಲ್ಲಿ ಮೂರು ಬೆರಳಿನ ಹೆಜ್ಜೆಗಳು ಪತ್ತೆಯಾದವು. ಅವು ರಾಜಾಸಾರಸ್ಸಿಗಿಂತಲೂ ಬಹಳ ಹಳೆಯವು. ಒಂದು ಸುಮಾರು 30 ಸೆಂ.ಮೀ., ಇನ್ನೊಂದು ಮಗುವಿನ ಬೆರಳಿನಷ್ಟೇ ಉದ್ದ. ಹಸಿ ನೆಲದಲ್ಲಿ ಊರಿದ ಕಾಲಿನ ಗುರುತು, ಮೇಲೆ ಮರಳು ಮುಚ್ಚಿ ಕಲ್ಲಾದದ್ದು. ಮೂಳೆ ಸತ್ತ ಪ್ರಾಣಿಯದ್ದು, ಹೆಜ್ಜೆ ಬದುಕಿ ನಡೆದಾಡುತ್ತಿದ್ದ ಪ್ರಾಣಿಯದ್ದು ಎಂದು ಹೇಳಿದರೆ ಮಕ್ಕಳಿಗೆ ಥಟ್ಟನೆ ಅರ್ಥವಾಗುತ್ತದೆ.

ಅಷ್ಟು ದೂರ ಹೋಗಲಾಗದ ಮುಂಬಯಿಗರೂ ನಿರಾಶರಾಗಬೇಕಿಲ್ಲ. ಡೈನೋಸಾರ್‌ಗಳ ಕೊನೆಗಾಲದ ಆಸುಪಾಸಿನಲ್ಲಿ ಉಕ್ಕಿ ಹರಿದ ಲಾವಾದ ಕಪ್ಪು ಕಲ್ಲಿನ ಮೇಲೆಯೇ ಈ ಮಹಾನಗರ ನಿಂತಿದೆ. ಬೆಳಗಾವಿ, ವಿಜಯಪುರ ಕಡೆಯ ಎರೆಮಣ್ಣು ಹುಟ್ಟಿದ್ದೂ ಅದೇ ಕಲ್ಲಿನಿಂದ. ವರಳಿ ಗುಡ್ಡದಲ್ಲಿ ಲಾವಾ ಪದರಗಳ ನಡುವೆ ಸಿಕ್ಕ ಪುಟ್ಟ ಕಪ್ಪೆಗಳ ಪಳೆಯುಳಿಕೆಗೆ 1847ರಲ್ಲಿ ಹೆಸರಿಟ್ಟವರು ಡೈನೋಸಾರ್ ಪದ ಕೊಟ್ಟ ಅದೇ ಓವೆನ್. ಅಂಧೇರಿ ಪಶ್ಚಿಮದ ಗಿಲ್ಬರ್ಟ್ ಹಿಲ್‌ನಲ್ಲಿ ಆ ಕಲ್ಲು 200 ಅಡಿ ಎತ್ತರದ ಕಂಬಗಳಾಗಿ ನಿಂತಿದೆ. ಸುತ್ತಲೂ ಕಲ್ಲು ಒಡೆದು, ಕಟ್ಟಡಗಳು ಒತ್ತಿ ಬಂದು ಉಳಿದದ್ದು ಇಷ್ಟು. ತುದಿಯ ದೇವಿಯ ಗುಡಿಗೆ ಮೆಟ್ಟಿಲು ಹತ್ತಿದ ಕನ್ನಡಿಗರು ಬಹಳ ಮಂದಿ ಇರಬಹುದು, ಕೆಳಗೆ ನಿಂತು ಕಲ್ಲನ್ನು ನೋಡಿದವರು ಕಡಿಮೆ.

ರೈಯೋಲಿಗೆ ಹೊರಡುವವರು ನವೆಂಬರಿನಿಂದ ಫೆಬ್ರವರಿಯೊಳಗೆ ಹೋಗುವುದು ಲೇಸು. ಬೇಸಗೆಯಲ್ಲಿ ಆ ಗುಡ್ಡದ ಬಿಸಿಲನ್ನು ಮಕ್ಕಳು ತಾಳಲಾರರು. ಸಂಗ್ರಹಾಲಯದ ವಾರದ ರಜೆಯನ್ನು ಮೊದಲೇ ವಿಚಾರಿಸಿಕೊಳ್ಳಿ. ಟೊಪ್ಪಿ, ನೀರಿನ ಬಾಟಲಿ, ಒಂದು ಭೂತಗನ್ನಡಿ, ಚಿತ್ರ ಬರೆಯಲು ನೋಟ್‌ಬುಕ್ ಜತೆಗಿರಲಿ. ಮಗು ಎತ್ತಿಕೊಂಡ ಚೂರನ್ನು ಇದ್ದಲ್ಲೇ ಇಡಿಸಿ, ಅದರ ಚಿತ್ರವನ್ನು ನೋಟ್‌ಬುಕ್‌ನಲ್ಲಿ ಬರೆಸಿಕೊಂಡು ಬನ್ನಿ.